ಮೊದಲು ನೀನು ಮಲಗು

ಲೂಪೆ ಅತ್ತೆ ಸ್ಕ್ಯಾನ್ ಮಂಚ ಹತ್ತಲೊಲ್ಲೆ ಎಂದದ್ದೇ ಎಲ್ಲಕ್ಕೂ ಮೂಲ.

ಟೊಂಗಾ ದೇಶದ ವವಾಉ ದ್ವೀಪದ ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡುವವನು ಕಲಾಫಿ. ಲಿವರಿನ ಚಿತ್ರದಲ್ಲಿ ಕ್ಯಾನ್ಸರಿನ ಸುಳಿವು ಹುಡುಕುವ ಕೃತಕ ಬುದ್ಧಿಯ ಯಂತ್ರ ಅಲ್ಲಿಗೆ ಬಂದು ಎರಡು ವಾರವಾಗಿತ್ತು. ಅವನ ಅಪ್ಪನನ್ನು ಒಯ್ದದ್ದು ಅದೇ ಕಾಯಿಲೆ. ಗೊತ್ತಾಗುವಷ್ಟರಲ್ಲಿ ಕಾಲ ಮಿಂಚಿತ್ತು. ಅಪ್ಪನ ಅಕ್ಕನಾದ ಲೂಪೆ ಅತ್ತೆಗೂ ಹಾಗಾಗಬಾರದೆಂದು ಬೆಳಿಗ್ಗೆಯಿಂದ ಅವರ ದುಂಬಾಲು ಬಿದ್ದಿದ್ದ.

"ಇದಕ್ಕೇನೋ ಗೊತ್ತಾಗತ್ತೆ, ಮಣ್ಣು?"

"ಸಾವಿರಾರು ಜನರ ಚಿತ್ರ ನೋಡಿ ಕಲ್ತಿದೆ ಅತ್ತೆ. ಅನುಮಾನ ಬಂದ ಕಡೆ ಕೆಂಪು ಚೌಕ ಹಾಕತ್ತೆ."

"ಹೌದಾ? ಹಾಗಾದ್ರೆ ಮೊದಲು ನೀನು ಮಲಗು."

ಮಲಗಿದ. ಸಹಾಯಕಿ ಮೆಲೆಯಾನೆ ಅವನ ಹೊಟ್ಟೆಗೆ ತಣ್ಣನೆಯ ಜೆಲ್ ಬಳಿದು ಸ್ಕ್ಯಾನ್ ಮಾಡಿದಳು. ಪರದೆಯ ಮೇಲೆ ಕೆಂಪು ಚೌಕ ಮೂಡಿತು.

ಸುದ್ದಿ ಆಸ್ಪತ್ರೆಯನ್ನೆಲ್ಲ ಸುತ್ತಿತು. ಔಷಧಿ ಕೊಡುವವನು ಬಂದು ಪ್ರಾರ್ಥನೆ ಶುರುಮಾಡಿದ. ಗುಮಾಸ್ತ ಕಲಾಫಿಯ ಕುರ್ಚಿಯಲ್ಲಿ ಕೂತು ಎತ್ತರ ಸರಿಮಾಡಿಕೊಂಡ. ಅತ್ತೆ ಮಾತ್ರ ಕಣ್ಣೊರೆಸಿಕೊಂಡು, "ನಿನ್ನ ದೊಡ್ಡ ಹಂದಿ ಕೊಡು ಮಗನೇ. ಚರ್ಚಿನವರಿಗೆಲ್ಲ ಊಟ ಹಾಕಿ ನಿನಗೋಸ್ಕರ ಪ್ರಾರ್ಥನೆ ಮಾಡಿಸ್ತೀನಿ" ಎಂದರು.

ಮಗಳ ಮೊದಲ ಹುಟ್ಟುಹಬ್ಬಕ್ಕೆಂದು ಸಾಕಿದ ಹಂದಿ! ಆದರೆ ಸೋದರತ್ತೆ ಕೇಳಿದ್ದಕ್ಕೆ ಇಲ್ಲವೆನ್ನುವ ಬಾಯಿ ಟೊಂಗಾದಲ್ಲಿ ಇನ್ನೂ ಹುಟ್ಟಿಲ್ಲ. ಪ್ರಾಣವೇ ಹೋಗುವಾಗ ಹಂದಿಯದೇನು ಎಂದುಕೊಂಡು ತಲೆಯಾಡಿಸಿದ. ಅತ್ತೆ ಅಲ್ಲಿಂದಲೇ ಮನೆಗೆ ಫೋನು ಮಾಡಿದರು.

ಮಧ್ಯಾಹ್ನ ಡಾಕ್ಟರ್ ಸಿಸಿಲಿಯಾ ಎಂಟು ವರ್ಷದ ಹಿಂದೆ ಅವನ ಹೊಟ್ಟೆನೋವಿಗೆ ತೆಗೆದಿದ್ದ ಚಿತ್ರ ಹುಡುಕಿ ತಂದರು. ಅದರಲ್ಲೂ ಆ ಕಲೆ ಇತ್ತು: ಅದೇ ಜಾಗ, ಅದೇ ಗಾತ್ರ.

"ಇದು ರಕ್ತನಾಳದ ಗಂಟು ಕಲಾಫಿ, ಅಪಾಯವಿಲ್ಲ. ಅನುಮಾನ ಪಡೋದು ಯಂತ್ರದ ಕೆಲಸ, ತೀರ್ಮಾನ ನಮ್ದು. ಆದ್ರೆ ಲಿವರಲ್ಲಿ ಕೊಬ್ಬು ಸಿಕ್ಕಾಪಟ್ಟೆ ಇದೆ. ಇವತ್ತಿಂದ ಹಂದಿ ಮಾಂಸ ಬಂದ್."

ಕಲಾಫಿಗೆ ಹೋದ ಜೀವ ಬಂದಂತಾಯಿತು. "ಇನ್ನು ನೀವು ಮಲಗಿ ಅತ್ತೆ."

"ನಂದು ಹೋದ ವಾರಾನೇ ಆಯ್ತು, ನೀನು ರಜೆಲಿದ್ದಾಗ. ಏನೂ ಇಲ್ವಂತೆ."

ಮೆಲೆಯಾನೆ ಪರದೆಯತ್ತ ತಿರುಗಿ ನಕ್ಕಳು.

"ಮತ್ತೆ ಬೆಳಿಗ್ಗೆಯಿಂದ ನನ್ನ ಹತ್ರ ಗೋಗರೆಸಿಕೊಂಡ್ರಲ್ಲ!"

"ಊರವರನ್ನೆಲ್ಲ ಮಲಗಿಸ್ದೆ, ನೀನು ಒಂದಿನ ಮಲಗಿದ್ಯಾ? ನನ್ನ ತಮ್ಮನೂ ಹಿಂಗೇ ನಾಳೆ ನಾಳೆ ಅಂತಿದ್ದ."

ಕಲಾಫಿ ಮೆಲ್ಲಗೆ ಕೇಳಿದ: "ಹಾಗಾದ್ರೆ ಹಂದಿ?"

"ಬೇಯೋಕೆ ಒಲೆಗುಂಡಿಗೆ ಇಳಿದು ಎರಡು ಗಂಟೆ ಆಯ್ತು. ಪ್ರಾರ್ಥನೆ ಫಲಿಸ್ತಲ್ಲ, ಊಟ ಹಾಕ್ಬೇಡ್ವಾ? ನೀನೂ ತಪ್ಪದೆ ಬಾ," ಎಂದು ಅತ್ತೆ ಎದ್ದರು. "ನಿನಗೆ ಅಂತ ಎರಡು ಗೆಣಸು ಬೇರೆ ಇಡಿಸ್ತೀನಿ."