ಒಂಬತ್ತು ಮುತ್ತಿನ ರಾಣಿಗೆ ಬಿದ್ದ ಗುದ್ದು

ಸುಂಕದ ಕಟ್ಟೆಯ ಹಲಗೆಯ ಮೇಲೆ ವಿರಾಜಮಾನರಾಗಿರುವ ಮುದ್ರೆ ಸುತ್ತಿಗೆಯವರ ಸನ್ನಿಧಾನಕ್ಕೆ, ಮೊಜಾಂಬಿಕ್ ದ್ವೀಪದಲ್ಲಿ ದೋಣಿಗಳ ಹಾಯಿ ಹೊಲಿಯುವ ಅಮೀಸೆಯ ಅನಂತ ಸಲಾಮುಗಳು.

ಮಾನ್ಯರೇ,

ತಾವು ಕ್ಷೇಮವೆಂದು ನಂಬಿದ್ದೇನೆ. ತಮ್ಮ ಸದ್ದು ಬೆಳಗಿನಿಂದ ಸಂಜೆಯವರೆಗೆ ನಮ್ಮ ಓಣಿಗೆ ಕೇಳುತ್ತಿರುವುದರಿಂದ ನಂಬದೆ ಗತಿಯಿಲ್ಲ. ಪರದೇಶದ ಬೆಳ್ಳಿ ನಾಣ್ಯಗಳ ಮೇಲೆ ಶುಕ್ರವಾರದೊಳಗೆ ಸರ್ಕಾರದ ಕಿರೀಟದ ಗುರುತು ಬೀಳದಿದ್ದರೆ ಅವು ಬರೀ ತಗಡು ಎಂದು ಡಂಗುರ ಸಾರಿದಾಗ, ಈ ದ್ವೀಪದಲ್ಲೇ ಅತಿ ವಿಧೇಯನಾದ ನಾನು, ಪೆಟ್ಟಿಗೆಯಲ್ಲಿದ್ದ ನಾಣ್ಯಗಳ ಜೊತೆಗೆ ಮಗಳು ರಹೇಮಾಳ ಮದುವೆಯ ಸರದಿಂದ ಪರದೇಶದ ರಾಣಿಯ ಮುಖವಿರುವ ನಾಣ್ಯವನ್ನೂ ಬಿಚ್ಚಿ ತಂದು ತಮ್ಮ ಪಾದಕ್ಕಿಟ್ಟೆ. ಕೊರಳಲ್ಲಿ ತೂಗುವ ನಾಣ್ಯ ಸಂತೆಗೆ ಹೋಗುವುದಿಲ್ಲ, ಅದಕ್ಕೆ ಗುರುತು ಬೇಕಿಲ್ಲ ಎನ್ನುವಷ್ಟು ಬುದ್ಧಿ ನನಗಿರಲಿಲ್ಲ. ಹಾಗೆನ್ನಲು ತಮಗೆ ಬಾಯಿರಲಿಲ್ಲ.

ಆ ನಾಣ್ಯದ ರಾಣಿಯ ಮುಡಿಯಲ್ಲಿ ಒಂಬತ್ತು ಮುತ್ತುಗಳಿರುತ್ತವೆ. ಒಂಬತ್ತಿದ್ದರೆ ಅಸಲಿ, ಒಂದು ಕಡಿಮೆಯಾದರೂ ಖೋಟಾ ಎಂಬುದು ನಮ್ಮಲ್ಲಿ ಹಸುಗೂಸಿಗೂ ಗೊತ್ತು. ಗುದ್ದಲು ಅಷ್ಟು ವಿಶಾಲವಾದ ಎದೆ, ಭುಜ, ಗದ್ದದ ಕೆಳಗೆ ಇನ್ನೊಂದು ಗದ್ದ, ಎಲ್ಲ ಇದ್ದರೂ ಅವನ್ನು ಬಿಟ್ಟು ನೇರವಾಗಿ ಮುತ್ತಿನ ಸಾಲನ್ನೇ ಹುಡುಕಿಕೊಂಡ ತಮ್ಮ ಗುರಿಯನ್ನು ಎಷ್ಟು ಹೊಗಳಿದರೂ ಸಾಲದು.

ಸರ ನೋಡಲು ಬಂದ ವರನ ಸೋದರತ್ತೆ ಮ್ವಾನಖೇರಿ, ಪದ್ಧತಿಯಂತೆ ಹೆಬ್ಬೆರಳಿನ ಉಗುರಿನಿಂದ ಮುತ್ತು ಎಣಿಸುತ್ತ ಆರಕ್ಕೆ ನಿಂತರು. "ಇನ್ನು ಮೂರು ಎಲ್ಲಿ ಹೋದ್ವು ಅಮೀಸೆ? ಖೋಟಾ ರಾಣೀನ ನಮ್ಮನೆಗೆ ಕಳಿಸ್ತೀಯೇನಪ್ಪ? ಒಂಬತ್ತು ಆಗೋವರೆಗೆ ಮದುವೆ ಮಾತೇ ಎತ್ತಬೇಡ" ಎಂದು ಎದ್ದೇಬಿಟ್ಟರು. ತೆಂಗಿನ ಹಾಲಿನಲ್ಲಿ ಬೆಂದ ಮೀನು ಒಲೆಯ ಮೇಲೇ ಉಳಿಯಿತು. ನನ್ನ ಮಗಳು ಅತ್ತಳು, ಮಾನ್ಯರೇ. ಅದನ್ನು ಮಾತ್ರ ನಗೆಮಾತಾಗಿ ಬರೆಯಲು ನನ್ನಿಂದ ಆಗುತ್ತಿಲ್ಲ.

ಆದ್ದರಿಂದ ಸಣ್ಣದೊಂದು ಅರಿಕೆ. ತಾವು ದಯವಿಟ್ಟು ಒಂದೇಟು ಉಲ್ಟಾ ಬಡಿದು, ನುಂಗಿದ ಮೂರು ಮುತ್ತುಗಳನ್ನು ಹೊರಗೆ ಉಗುಳಬೇಕು. ಆಗದಿದ್ದರೆ ಆ ರಾಣಿಯನ್ನೇ ಅವರ ದೇಶದಿಂದ ಹಡಗಿನಲ್ಲಿ ಕರೆಸಿ, ಮ್ವಾನಖೇರಿಯವರ ಮುಂದೆ ಕೂರಿಸಿ, ಮುಡಿ ತೋರಿಸುವ ಏರ್ಪಾಡಾಗಬೇಕು.

ತಮ್ಮ ಏಟಿನ ಸದ್ದಿನಲ್ಲೇ ಬಾಳುತ್ತಿರುವ
ತಮ್ಮ ವಿಶ್ವಾಸಿ,
ಅಮೀಸೆ

ಮರೆತ ಮಾತು: ಪತ್ರ ಮುಗಿಸುವಷ್ಟರಲ್ಲಿ ರಹೇಮಾ ಕಣ್ಣೊರೆಸಿಕೊಂಡು, ಸರ ಹಿಡಿದು, ತಾನೇ ವರನ ಮನೆಗೆ ಹೋಗಿಬಂದಳು. "ಆರು ಮುತ್ತು, ಸರ್ಕಾರ ಹೊಡೆದಿರೋ ಕಿರೀಟಕ್ಕೆ ಮೂರು ಮೊನೆ. ಎಣಿಸಿ ಅತ್ತೇ. ಸರ್ಕಾರದ್ದು ಲೆಕ್ಕಕ್ಕಿಲ್ಲ ಅನ್ನೋದಾದ್ರೆ ಕಟ್ಟೇಗ್ ಹೋಗಿ ಸಾಹೇಬರಿಗೇ ಹೇಳಿ" ಎಂದಳಂತೆ. ಅತ್ತೆ ಎರಡು ಸಲ ಎಣಿಸಿ, ಒಂಬತ್ತೆಂದು ಒಪ್ಪಿಕೊಂಡರು. ಮದುವೆ ಬರುವ ಗುರುವಾರ. ತಾವು ದಯಮಾಡಿಸುವುದು ಬೇಡ; ಹೆಂಗಸರೆಲ್ಲ ಒಡವೆ ಹಾಕಿಕೊಂಡು ಬರುತ್ತಾರೆ.