ನಲವತ್ತೆರಡು ಕೆಂಪು ಪೆನ್ನು

ಆ ದಿನ ಬೆಳಗ್ಗೆ ಮಂಜು ಎಷ್ಟು ದಟ್ಟವಾಗಿತ್ತೆಂದರೆ, ಶಾಲೆಯ ಗೇಟಿನ ಮುಂದೆ ನಿಂತಿರುವುದು ಕಂಬಗಳೋ ಮನುಷ್ಯರೋ ಎಂದು ಲೆಕ್ಕದ ಮೇಷ್ಟ್ರಿಗೆ ತಿಳಿಯಲಿಲ್ಲ. ಹತ್ತಿರ ಹೋದ ಮೇಲೆ ಕಂಬಗಳಲ್ಲೊಂದು ಕೆಮ್ಮಿತು.

"ನಮಸ್ಕಾರ ಮೇಷ್ಟ್ರೇ. ನನಗೆ ಸೊನ್ನೆ ಬಂದಿದೆ," ಎಂದಿತು.

ನಲ್ಲಿ ರಿಪೇರಿಯವನು. ಅವನ ಹಿಂದೆ ದರ್ಜಿ, ದರ್ಜಿಯ ಹಿಂದೆ ಬಸ್ ಡ್ರೈವರ್. ಮೂವರ ಕೈಯಲ್ಲೂ ಒಂದೊಂದು ಹಾಳೆ, ಹಾಳೆಯ ತುಂಬ ಕೆಂಪು ಶಾಯಿ.

ಇದಕ್ಕೆಲ್ಲ ಕಾರಣ ಮೇಷ್ಟ್ರೇ. ಹದಿನೆಂಟು ವರ್ಷ ದಿನಾ ಸಂಜೆ ನಲವತ್ತೆರಡು ನೋಟ್‌ಬುಕ್ ತಿದ್ದಿ ತಿದ್ದಿ ಅವರ ಕತ್ತು ಹಳೇ ಕೊಡೆಯ ಹಿಡಿಯ ಹಾಗೆ ಬಾಗಿತ್ತು. ದೇವರು ದಿನಕ್ಕೊಂದು ಸಂಜೆಯನ್ನು ಎಲ್ಲರಿಗೂ ಸಮನಾಗಿ ಹಂಚುತ್ತಾನೆ. ತನ್ನ ಪಾಲು ಎಲ್ಲಿ ಹೋಗುತ್ತಿದೆ ಎಂದು ಯೋಚಿಸಿ ಅವರೊಂದು ಹೊಸ ಮನೆಗೆಲಸ ಕಂಡುಹಿಡಿದರು. ಏಳನೇ ತರಗತಿಯ ಮಕ್ಕಳು ಇನ್ನು ಲೆಕ್ಕ ಮಾಡುವುದಿಲ್ಲ. ಪುಸ್ತಕದ ಲೆಕ್ಕವನ್ನು ಮನೆಯ ಹಿರಿಯರಿಗೆ ಕೊಟ್ಟು, ಉತ್ತರ ತಿದ್ದಿ, ಹತ್ತಕ್ಕೆ ಅಂಕ ಹಾಕುತ್ತಾರೆ. ತಿದ್ದುವವರಿಗೆ ಲೆಕ್ಕ ಬೇಗ ತಲೆಗೆ ಹತ್ತುತ್ತದೆ ಎಂಬುದು ಮೇಷ್ಟ್ರು ಬಾಯಲ್ಲಿ ಹೇಳಿದ ಮಾತು. ಸಂಜೆ ತಿರುಗಾಡಲು ಹೋಗಬಹುದೆಂಬುದು ಹೇಳದೆ ಇಟ್ಟುಕೊಂಡದ್ದು. ನಿನ್ನೆ ಎಲ್ಲ ಮಕ್ಕಳಿಗೂ ಕೆಂಪು ಪೆನ್ನು ಹಂಚಿ, "ನೀವು ಹಾಕಿದ ಅಂಕವೇ ಕೊನೆ. ಅದನ್ನ ನಾನೂ ಮುಟ್ಟಲ್ಲ," ಎಂದು ಮಾತು ಕೊಟ್ಟಿದ್ದರು.

ಹೆಡ್ ಮೇಡಂ ಒಂದೇ ಷರತ್ತು ಹಾಕಿದ್ದರು. "ನಾಳೆ ಕೊನೇ ಬೆಲ್ಲಿನೊಳಗೆ ಒಂದೇ ಒಂದು ದೂರು ಬರವಣಿಗೇಲಿ ಬಂದ್ರೂ ಹಳೇ ಪದ್ಧತಿ. ದಿನಕ್ಕೆ ಇಪ್ಪತ್ತೈದು ಲೆಕ್ಕ, ನೀವೇ ತಿದ್ದೋದು."

ಮೇಷ್ಟ್ರು ನಲ್ಲಿಯವನ ಹಾಳೆ ನೋಡಿದರು. ನಲ್ಲಿಯೊಂದು ತೊಟ್ಟಿಯನ್ನು ನಾಲ್ಕು ಗಂಟೆಯಲ್ಲಿ ತುಂಬುತ್ತದೆ, ತಳದ ತೂತು ಅದನ್ನು ಆರು ಗಂಟೆಯಲ್ಲಿ ಖಾಲಿ ಮಾಡುತ್ತದೆ. ಎರಡೂ ಒಟ್ಟಿಗಿದ್ದರೆ ತೊಟ್ಟಿ ತುಂಬಲು ಎಷ್ಟು ಹೊತ್ತು? ಪುಸ್ತಕದ ಉತ್ತರ ಹನ್ನೆರಡು ಗಂಟೆ. ಅವನು ಬರೆದದ್ದು: 'ನಾಲ್ಕೂಕಾಲು ಗಂಟೆ. ಕಾಲು ಗಂಟೆ ತೂತು ಮುಚ್ಚಲು.'

"ತೂತು ಹಾಗೇ ಇಟ್ಕೊಂಡು ಹನ್ನೆರಡು ಗಂಟೆ ನೀರು ಬಿಟ್ರೆ ನನ್ನನ್ನ ಯಾರಾದ್ರೂ ಕೆಲಸಕ್ಕೆ ಕರೀತಾರಾ ಮೇಷ್ಟ್ರೇ? ನನ್ನ ಮಗಳು, ನಿಮ್ಮ ಕ್ಲಾಸ್ ಲೀಡರು, ಅವಳಮ್ಮನ ಎದುರಿಗೇ ಸೊನ್ನೆ ಸುತ್ತಿದಳು. ಸೊನ್ನೆ ಒಳಗೆ ಅಳೋ ಮುಖ ಬೇರೆ ಬರೆದಳು. ನೀವು ಸರಿ ಮಾಡ್ತೀರೋ, ಹೆಡ್ ಮೇಡಂಗೆ ಬರೆದು ಕೊಡ್ಲೋ?"

ಮೇಷ್ಟ್ರು ಅತ್ತ ಇತ್ತ ನೋಡಿದರು. ಮಂಜಿತ್ತು. ಜೇಬಿನಿಂದ ನೀಲಿ ಪೆನ್ನು ತೆಗೆದು ಸೊನ್ನೆಯನ್ನು ಎಂಟು ಮಾಡಿದರು.

ದರ್ಜಿಯ ಲೆಕ್ಕ ಸುಲಭದ್ದು: ಹತ್ತು ಮೀಟರ್ ಬಟ್ಟೆ, ಅಂಗಿಗೆ ಎರಡೂವರೆ ಮೀಟರ್, ಒಟ್ಟು ಎಷ್ಟು ಅಂಗಿ? ಅವನ ಉತ್ತರ: 'ನಾಲ್ಕು ಅಂಗಿ, ಒಂದು ಚಡ್ಡಿ.'

"ಚಡ್ಡಿ ಎಲ್ಲಿಂದ ಬಂತಪ್ಪಾ?"

"ಕತ್ತರಿ ಹಿಡಿಯೋದು ಗೊತ್ತಿದ್ರೆ ಬರತ್ತೆ ಮೇಷ್ಟ್ರೇ. ನಾಲ್ಕು ಅಂಕ ಹಾಕಿದಾನಲ್ಲ ನನ್ನ ಮಗ, ಅವನು ಹಾಕ್ಕೊಂಡಿರೋ ಚಡ್ಡಿ ಎಲ್ಲಿಂದ ಬಂತು ಅನ್ಕೊಂಡಿದಾನೆ?"

"ಮೆಲ್ಲಗೆ, ಮೆಲ್ಲಗೆ," ಎನ್ನುತ್ತ ಮೇಷ್ಟ್ರು ನಾಲ್ಕನ್ನು ಒಂಬತ್ತು ಮಾಡಿದರು.

ಗಂಟೆಗೆ ನಲವತ್ತು ಕಿಲೋಮೀಟರ್ ಓಡುವ ಬಸ್ಸು ನೂರಿಪ್ಪತ್ತು ಕಿಲೋಮೀಟರ್ ಹೋಗಲು ಎಷ್ಟು ಹೊತ್ತು ಬೇಕು ಎಂಬುದಕ್ಕೆ ಡ್ರೈವರು, 'ಹೊರಟ ಮೇಲೆ ನೋಡೋಣ' ಎಂದು ಬರೆದಿದ್ದ.

"ಟೈರು ಕೂತ್ರೆ? ದಾರೀಲಿ ದನ ಮಲಗಿದ್ರೆ? ತಲುಪಿಸೋನು ಮೇಲಿದಾನೆ, ನಾನು ಯಾರು ಮೇಷ್ಟ್ರೇ ಹೊತ್ತು ಹೇಳೋಕೆ?"

ಆ ಮಾತಿನಲ್ಲಿ ಭಕ್ತಿಯಿತ್ತು, ಗಣಿತವಿರಲಿಲ್ಲ. ಮೇಷ್ಟ್ರು ಭಕ್ತಿಗೆ ಏಳು ಅಂಕ ಕೊಟ್ಟರು.

ಅಲ್ಲಿಗೆ ಮುಗಿಯಿತೆಂದುಕೊಂಡರು. ಆದರೆ ಮೇಷ್ಟ್ರ ಕೈ ಧಾರಾಳವೆಂಬ ಸುದ್ದಿ ಮಂಜು ಕರಗುವ ಮೊದಲೇ ಊರೆಲ್ಲ ಹರಡಿತು. ಊಟದ ಹೊತ್ತಿಗೆ ಸ್ಟಾಫ್ ರೂಮಿಗೆ ಗಾರೆ ಮೇಸ್ತ್ರಿ ಬಂದ. ಎಂಟು ಆಳು ಆರು ದಿನದಲ್ಲಿ ಕಟ್ಟುವ ಗೋಡೆಯನ್ನು ಹದಿನಾರು ಆಳು ಒಂಬತ್ತು ದಿನದಲ್ಲಿ ಕಟ್ಟುತ್ತಾರೆಂದು ಅವನ ಉತ್ತರ.

"ಮೂರು ದಿನ ಆಗ್ಬೇಕಲ್ಲಯ್ಯ."

"ಹದಿನಾರು ಜನ ಸೇರಿದ್ರೆ ಮೊದಲ ಮೂರು ದಿನ ಮಾತಿಗೇ ಸಾಲಲ್ಲ."

"ಸರಿಯಾಗೇ ಹೇಳ್ದ," ಎಂದರು ಡ್ರಿಲ್ ಮೇಷ್ಟ್ರು, ಯಾರೂ ಕೇಳದಿದ್ದರೂ. "ನಮ್ಮ ಸ್ಟಾಫ್ ಮೀಟಿಂಗ್ ನೋಡ್ರೀ. ಹತ್ತು ಕೊಡಿ ಅವನಿಗೆ."

ಮಧ್ಯಾಹ್ನ ಕಾರಿಡಾರಿನಲ್ಲಿ ಸಾಲು ನಿಂತಿತು. ಎಂಟು ಬಂದವರು ಒಂಬತ್ತಕ್ಕೆ ಬಂದರು. ಒಂಬತ್ತು ಬಂದ ಅಜ್ಜಿಯೊಬ್ಬರು ಕೋಲೂರಿಕೊಂಡು ಬಂದು, "ಆ ಒಂದು ಅಂಕ ಎಲ್ಲಿ ಹೋಯ್ತು ಮಗಾ?" ಎಂದು ಕೇಳಿದರು. ಮೊಮ್ಮಗಳು ಅಕ್ಷರ ದುಂಡಗಿಲ್ಲವೆಂದು ಕಳೆದಿದ್ದಳಂತೆ.

"ಈ ನಡುಗೋ ಕೈಯಲ್ಲಿ ಅವಳ ಜಡೆ ಹಾಕ್ತೀನಲ್ಲ, ಆಗ ಡೊಂಕು ಕಾಣಲ್ವಾ ಅವಳಿಗೆ?"

ಮೇಷ್ಟ್ರು ಹತ್ತು ಹಾಕಿ ಅಜ್ಜಿಯ ಕಾಲಿಗೂ ನಮಸ್ಕರಿಸಿದರು. ಗಣಿತದ ಪಿರಿಯಡ್ ಹಾಗೇ ಕಳೆದುಹೋಯಿತು. ಏಳನೇ ತರಗತಿಯಿಂದ ಸದ್ದೇ ಇರಲಿಲ್ಲ. ಮಕ್ಕಳು ದೇವರ ಸಮಾನ ಎಂದು ಮೇಷ್ಟ್ರು ಮನಸ್ಸಿನಲ್ಲೇ ಕೈ ಮುಗಿದರು.

ಕೊನೆಯ ಬೆಲ್ಲಿಗೆ ಐದು ನಿಮಿಷವಿರುವಾಗ ಸಾಲು ಕರಗಿತು. ಎಲ್ಲರೂ ನಗುತ್ತ, ತಿದ್ದಿದ ಹಾಳೆಯನ್ನು ಏಳನೇ ತರಗತಿಯ ಕಿಟಕಿಯಲ್ಲಿ ಮಕ್ಕಳಿಗೆ ತೋರಿಸಿ ಹೋಗಿದ್ದರು. ಮೇಷ್ಟ್ರು ಕತ್ತು ನೆಟ್ಟಗೆ ಮಾಡಿ ಕಿಟಕಿಯಾಚೆಯ ಬಿಸಿಲು ನೋಡಿದರು. ಅಷ್ಟರಲ್ಲಿ ಹೆಡ್ ಮೇಡಂ ಹೇಳಿಕಳಿಸಿದರು.

"ಒಂದು ದೂರು ಬಂದಿದೆ."

"ಯಾರು ಮೇಡಂ? ಡ್ರೈವರಾ? ಏಳು ಕೊಟ್ಟಿದೀನಲ್ಲ."

ಮೇಡಂ ಹಾಳೆಯನ್ನು ಮುಂದಕ್ಕೆ ಸರಿಸಿದರು.

'ಮಾನ್ಯರೇ, ನಾವು ನ್ಯಾಯವಾಗಿ ಹಾಕಿದ ಅಂಕಗಳನ್ನು ನಮ್ಮ ಲೆಕ್ಕದ ಮೇಷ್ಟ್ರು ಕೊಟ್ಟ ಮಾತು ಮೀರಿ ಗೇಟಿನಲ್ಲೂ ಸ್ಟಾಫ್ ರೂಮಿನಲ್ಲೂ ಕಾರಿಡಾರಿನಲ್ಲೂ ತಿದ್ದಿರುತ್ತಾರೆ. ಒಟ್ಟು ನೂರ ಮೂವತ್ತೇಳೂವರೆ ಅಂಕ. ಕೂಡಿದ ವಿವರ ಹಿಂಬದಿಯಲ್ಲಿದೆ.'

ಕೆಳಗೆ ನಲವತ್ತೆರಡು ಸಹಿ. ಎಲ್ಲವೂ ಕೆಂಪು.

ಮೇಷ್ಟ್ರು ಹಿಂಬದಿ ತಿರುಗಿಸಿದರು. ಕಾಲು, ಅರೆ, ಮುಕ್ಕಾಲು ಎಲ್ಲವನ್ನೂ ಕೂಡಿದ್ದರು. ಎರಡು ಸಲ ನೋಡಿದರೂ ಒಂದು ತಪ್ಪೂ ಸಿಗಲಿಲ್ಲ. ಮೊನ್ನೆಯವರೆಗೆ ಭಿನ್ನರಾಶಿ ಎಂದರೆ ಬೆಂಚಿನ ಕೆಳಗೆ ಪೆನ್ಸಿಲ್ ಹುಡುಕಲು ಇಳಿಯುತ್ತಿದ್ದ ಮಕ್ಕಳೇ ಇವರು.

"ಪದ್ಧತಿ ಕೆಲಸ ಮಾಡ್ತು ಕಣ್ರೀ," ಎಂದರು ಮೇಡಂ, ಸ್ವಲ್ಪ ಮರುಕದಿಂದಲೇ. "ಆದ್ರೆ ಷರತ್ತು ಷರತ್ತೇ."

ಬೆಲ್ ಹೊಡೆಯಿತು.

ಮೇಷ್ಟ್ರು ತರಗತಿಗೆ ಬಂದಾಗ ಎಲ್ಲರೂ ಹೋಗಿದ್ದರು. ನಲ್ಲಿಯವನ ಮಗಳೊಬ್ಬಳೇ ನಿಂತಿದ್ದಳು.

"ಬೇಜಾರಾಯ್ತಾ ಸಾರ್?"

"ಇಲ್ಲಮ್ಮ. ನೀವು ಮಾಡಿದ್ದು ಸರಿಯಾಗೇ ಇದೆ."

"ಹೋದ ಶನಿವಾರದ ಇಪ್ಪತ್ತೈದು ಲೆಕ್ಕ ನಾವ್ಯಾರೂ ತೋರಿಸಿರಲಿಲ್ಲ ಸಾರ್, ಬಾಕಿ ಇತ್ತು. ನೀವು ಬಿಟ್ಟುಬಿಟ್ಟಿದ್ರಿ. ಆದ್ರೆ ನಿಮ್ಮ ಮೇಲೆ ದೂರು ಕೊಟ್ಟು ನಾವು ಬಾಕಿ ಇಟ್ಕೊಳೋದು ನ್ಯಾಯ ಅಲ್ವಲ್ಲ. ಮಧ್ಯಾಹ್ನ ಎಲ್ಲರೂ ಕೂತು ಮುಗಿಸಿದ್ವಿ."

ಅವಳು ಸದ್ದಾಗದಂತೆ ನಲವತ್ತೆರಡು ನೋಟ್‌ಬುಕ್ಕುಗಳನ್ನು ಮೇಜಿನ ಮೇಲಿಟ್ಟು, ಅಂಚು ಸರಿಮಾಡಿ, ಹೊರಟುಹೋದಳು.