ಮುಖ್ಯ ವಿನ್ಯಾಸಕನ ನಿರ್ಗಮನದ ವಿರುದ್ಧ ನಲವತ್ತೊಂದು ಸಹಿ

ನೇರವಾಗಿಯೇ ಆರೋಪಿಸುತ್ತೇನೆ: ನನ್ನ ಸಂಜೆಗಳನ್ನು ಹಾಳುಗೆಡವಿದವರು ಇಬ್ಬರು. ಮೊದಲನೆಯವನು, ಮೂರು ಭಾಗಗಳವರೆಗೆ ನಮ್ಮನ್ನು ಕೈಹಿಡಿದು ನಡೆಸಿ ನಾಲ್ಕನೆಯದರ ಹೊಸ್ತಿಲಲ್ಲಿ ಬಿಟ್ಟುಹೋದ, ಪರದೇಶದ ಒಂದು ಕಂಪ್ಯೂಟರ್ ಆಟದ ಮುಖ್ಯ ವಿನ್ಯಾಸಕ. ಎರಡನೆಯದು, ಅವನ ನಿರ್ಗಮನವನ್ನು ಎರಡೇ ಸಾಲಿನಲ್ಲಿ ಪ್ರಕಟಿಸಿ ಕೈತೊಳೆದುಕೊಂಡ ಅವನ ಕಂಪನಿ. ಅವರು ಹೊಸ ಅವಕಾಶಗಳನ್ನು ಅರಸಿ ಹೊರಟಿದ್ದಾರೆ, ಅವರಿಗೆ ಶುಭವಾಗಲಿ ಎಂಬುದು ಆ ಪ್ರಕಟಣೆಯ ಒಟ್ಟು ತಾತ್ಪರ್ಯ. ಹೊಳಲ್ಕೆರೆಯ ಸೈಬರ್ ಕೆಫೆಯಲ್ಲಿ ಕುಳಿತು ಆ ಎರಡು ಸಾಲನ್ನು ಹನ್ನೊಂದು ಸಲ ಓದಿದವಳಿಗೆ ಶುಭವಾಗಬೇಕೋ ಬೇಡವೋ ಎಂದು ಯಾರೂ ಯೋಚಿಸಲಿಲ್ಲ.

ನಾನು ರಾಜ್ಯಶಾಸ್ತ್ರದ ಎಂ.ಎ. ಪದವೀಧರೆ. ಹಾಸ್ಟೆಲಿನ ಸಾರಿನಿಂದ ಬೇಳೆ ಕಾಣೆಯಾದಾಗ ನಾನು ಬರೆದ ಮನವಿಯ ಫಲವಾಗಿ ಮರುದಿನವೇ ಬೇಳೆ ಮರಳಿ ಬಂದಿತ್ತು. ಗ್ರಂಥಾಲಯದ ಫ್ಯಾನು ತಿರುಗಿದ್ದು ನನ್ನ ಮನವಿಯಿಂದ. ಸರಿಯಾದ ಒಕ್ಕಣೆಯ ಅರ್ಜಿಗೆ ಜಗ್ಗದ ಅನ್ಯಾಯ ಭೂಮಿಯ ಮೇಲಿಲ್ಲ ಎಂಬುದು ಅಂದಿನಿಂದ ನನ್ನ ಅಚಲವಾದ ನಂಬಿಕೆ. ಈ ಪ್ರಕರಣದಲ್ಲಿಯೂ ಒಂದೆರಡು ವಾರದಲ್ಲಿ ಆ ವಿನ್ಯಾಸಕನನ್ನು ಅವನ ಕುರ್ಚಿಯಲ್ಲಿ ಮರಳಿ ಕೂರಿಸುವೆನೆಂದು ನಾನು ಖಚಿತವಾಗಿ ತಿಳಿದಿದ್ದೆ.

ಆಟದ ಇಂಗ್ಲಿಷ್ ಹೆಸರು ಬಹಳ ಉದ್ದ. ನಾವು ಅದನ್ನು ಜಂಕ್ಷನ್ ಆಟ ಎಂದೇ ಕರೆಯುತ್ತಿದ್ದೆವು. ಅದರಲ್ಲಿ ಗುಂಡು ಹಾರುವುದಿಲ್ಲ, ಯಾರೂ ಸಾಯುವುದಿಲ್ಲ. ಇರುವುದೊಂದು ರೈಲು ಜಂಕ್ಷನ್. ರೈಲುಗಳಿಗೆ ವೇಳೆ ಗೊತ್ತುಮಾಡಬೇಕು, ಸಿಗ್ನಲ್ ಕೊಡಬೇಕು, ಒಂದು ರೈಲಿನಿಂದ ಇಳಿದವರಿಗೆ ಇನ್ನೊಂದು ರೈಲು ತಪ್ಪದಂತೆ ನೋಡಿಕೊಳ್ಳಬೇಕು. ಬೇರೆ ಆಟಗಳಲ್ಲಿ ನಮ್ಮ ತಪ್ಪಿಗೆ ಅಂಕ ಕಳೆಯುತ್ತಾರೆ. ಈ ವಿನ್ಯಾಸಕ ಹಾಗೆ ಮಾಡಲಿಲ್ಲ. ರೈಲು ತಪ್ಪಿದ ಪ್ರಯಾಣಿಕ ಇಲ್ಲಿ ಹೋಗಿ ಬೆಂಚಿನ ಮೇಲೆ ಕೂರುತ್ತಾನೆ. ಚೀಲವನ್ನು ತೊಡೆಯ ಮೇಲಿಟ್ಟುಕೊಳ್ಳುತ್ತಾನೆ. ನಾವು ಇನ್ನೊಂದು ರೈಲು ಕಳಿಸುವವರೆಗೆ ಹಾಗೆಯೇ ಕೂತಿರುತ್ತಾನೆ. ಇದನ್ನು ಕಲ್ಪಿಸಿದವನಿಗೆ ಕಾಯುವುದೆಂದರೇನೆಂದು ಗೊತ್ತಿರಲೇಬೇಕು ಎಂದು ನಾನು ನಂಬಿದ್ದೆ. ಅಂಥವನೇ ನಮ್ಮನ್ನು ಕಾಯಲು ಬಿಟ್ಟು ಹೋಗಬಹುದೆ?

ನಾವು ಎಂದರೆ ನಾನು ಮತ್ತು ನಾಗವೇಣಿ. ಹೊಳಲ್ಕೆರೆಯ ಖಾಸಗಿ ಕಾಲೇಜೊಂದರಲ್ಲಿ ಇಬ್ಬರೂ ಅರೆಕಾಲಿಕ ಉಪನ್ಯಾಸಕಿಯರು. ಇಬ್ಬರಿಗೂ ಸೇರಿ ಒಂದು ಬಾಡಿಗೆ ಕೋಣೆ, ಒಂದು ಸೀಮೆಎಣ್ಣೆ ಸ್ಟೌವು. ಎರಡು ವರ್ಷ, ಪ್ರತಿ ಸಂಜೆ ಕಾಲೇಜು ಮುಗಿದ ಮೇಲೆ ತಿಪ್ಪೇಸ್ವಾಮಿಯ ಸೈಬರ್ ಕೆಫೆಯಲ್ಲಿ ಒಂದೇ ಕಂಪ್ಯೂಟರಿನ ಮುಂದೆ ಎರಡು ಕುರ್ಚಿ. ವೇಳಾಪಟ್ಟಿ ನನ್ನದು, ಸಿಗ್ನಲ್ ಅವಳದು. ನಾನು ಪಟ್ಟಿಯನ್ನು ತಿದ್ದುತ್ತ ಮೈಮರೆತಾಗ ಅವಳು ಮೊಣಕೈಯಿಂದ ತಿವಿಯುತ್ತಿದ್ದಳು.

"ಲೇ ಮಂಜುಳಾ, ಆ ಮುದುಕ ಬೆಂಚಿನ ಮ್ಯಾಲೆ ಕುಂತು ಎಷ್ಟೊತ್ತಾತು ನೋಡು. ಅವನಿಗೊಂದು ಗಾಡಿ ಬಿಡೆ ಮೊದ್ಲು."

ನಾಗವೇಣಿ ಮದುವೆಯಾಗಿ ಹೊಸದುರ್ಗಕ್ಕೆ ಹೋದಳು. ಗಂಡನದು ಸಿಮೆಂಟು-ಕಬ್ಬಿಣದ ಅಂಗಡಿ. ಬಿಲ್ಲು ಹಾಕಲು ಅಲ್ಲೊಂದು ಕಂಪ್ಯೂಟರ್ ಇತ್ತು, ಇಂಟರ್ನೆಟ್ ಇರಲಿಲ್ಲ. ಆಟ ನಿಲ್ಲಬಾರದೆಂದು ಅಲ್ಲಿಗೂ ಸಿ.ಡಿ.ಯ ಒಂದು ಪ್ರತಿ ಕೊಟ್ಟು ನಾನೊಂದು ವ್ಯವಸ್ಥೆಯನ್ನು ರೂಪಿಸಿದೆ. ಒಂದು ವಾರ ನಾನು ಜಂಕ್ಷನ್ನನ್ನು ನಡೆಸಿ, ಆಟ ನಿಂತ ಹಂತವನ್ನು ಫ್ಲಾಪಿಗೆ ತುಂಬಿ, ಬೆಳಗಿನ ಬಸ್ಸಿನ ಡ್ರೈವರ್ ಕೈಗೆ ಕೊಡುವುದು. ಮುಂದಿನ ವಾರ ಅವಳು ನಡೆಸಿ ಅದೇ ಬಸ್ಸಿನಲ್ಲಿ ಹಿಂದಿರುಗಿಸುವುದು. ಮೊದಮೊದಲು ಫ್ಲಾಪಿಗೆ ಅಂಟಿಸಿದ ಚೀಟಿಯಲ್ಲಿ ಅತ್ತೆಯ ವಿಚಾರ, ಅಡುಗೆಮನೆಯ ವಿಚಾರ, ಹೊಸ ಸೀರೆಯ ವಿಚಾರ ಒತ್ತೊತ್ತಾಗಿ ತುಂಬಿರುತ್ತಿದ್ದವು. ಕ್ರಮೇಣ ಅದು 'ಎಲ್ಲ ಸರಿಯಿದೆ' ಎಂಬಲ್ಲಿಗೆ ಬಂದು ನಿಂತಿತು. ಸಂಸಾರದ ಗಡಿಬಿಡಿ ಎಂದುಕೊಂಡೆ.

ಆದರೆ ಜಂಕ್ಷನ್ ಮಾತ್ರ ಬೆರಗಾಗುವಷ್ಟು ಸುಧಾರಿಸಿತು. ಒಂದು ರೈಲೂ ತಡವಿಲ್ಲ. ಕುಡಿಯುವ ನೀರಿನ ನಲ್ಲಿಗಳು ಸರಿಯಾದ ಜಾಗಕ್ಕೆ ಬಂದವು. ಅದಕ್ಕಿಂತ ಸೋಜಿಗವೆಂದರೆ, ಮಧ್ಯಾಹ್ನ ಬರುವ ಪ್ರತಿ ರೈಲೂ ಇಪ್ಪತ್ತು ನಿಮಿಷ ಸುಮ್ಮನೆ ನಿಲ್ಲತೊಡಗಿತು. ಇದು ವೇಗದ ನಾಗರಿಕತೆಗೆ ನಾಗವೇಣಿ ಒಡ್ಡಿದ ತಾತ್ವಿಕ ಪ್ರತಿರೋಧವೆಂದು ವ್ಯಾಖ್ಯಾನಿಸಿ ನಾನು ನಾಲ್ಕು ಪುಟಗಳ ಮೆಚ್ಚುಗೆಯ ಪತ್ರವನ್ನು ಫ್ಲಾಪಿಯೊಂದಿಗೆ ಕಳಿಸಿದೆ. 'ಸಂತೋಷ. ಮೂರನೇ ಪ್ಲಾಟ್‌ಫಾರಂ ಚೊಕ್ಕಟವಾಗಿ ಇಟ್ಟುಕೊಳ್ಳಿ' ಎಂದು ಉತ್ತರ ಬಂತು. ನನ್ನನ್ನು ಬಹುವಚನದಲ್ಲಿ ಸಂಬೋಧಿಸಿದ್ದಳು, ಅಕ್ಷರವೂ ದುಂಡಗಾಗಿತ್ತು. ಮದುವೆ ಮನುಷ್ಯರಿಗೆ ಎಂಥ ಸಂಸ್ಕಾರವನ್ನು ಕಲಿಸುತ್ತದೆ ಎಂದು ಮೆಚ್ಚಿದೆ.

ಅಷ್ಟರಲ್ಲಿ ಬಂತು ಆ ಪ್ರಕಟಣೆ. ಅಭಿಮಾನಿಗಳ ಅಂತರ್ಜಾಲ ವೇದಿಕೆಯಲ್ಲಿ ಹಾಹಾಕಾರ. ಒಬ್ಬ ಮೂರೂ ಸಿ.ಡಿ.ಗಳನ್ನು ಮುರಿದು ಫೋಟೋ ಹಾಕಿದ್ದ. ಇನ್ನೊಬ್ಬಳು ತನ್ನ ಜಂಕ್ಷನ್ನಿನ ಎಲ್ಲ ಸಿಗ್ನಲ್‌ಗಳನ್ನೂ ಕೆಂಪು ಮಾಡಿ ಮೂರು ದಿನಗಳ ಶೋಕವನ್ನು ಘೋಷಿಸಿದ್ದಳು. ನಾಲ್ಕನೆಯ ಭಾಗದಲ್ಲಿ ಬೆಂಚುಗಳನ್ನು ಕಿತ್ತುಹಾಕಿ ರೈಲುಗಳ ಓಟದ ಪಂದ್ಯ ಇಡುತ್ತಾರೆಂಬ ವದಂತಿಯೂ ಇತ್ತು. ನಾನು ಒಂಬತ್ತು ಪ್ಯಾರಾಗಳ ಖಂಡನೆಯನ್ನು ಬರೆದೆ. ಬಂದ ಪ್ರತಿಕ್ರಿಯೆ ಒಂದೇ: ದಯವಿಟ್ಟು ಚಿಕ್ಕದಾಗಿ ಬರೆಯಿರಿ.

ಆ ವಾರದ ಫ್ಲಾಪಿಯ ಜೊತೆ ಈ ಸುದ್ದಿಯನ್ನೆಲ್ಲ ವಿವರವಾಗಿ ಬರೆದು ಹೊಸದುರ್ಗಕ್ಕೆ ಕಳಿಸಿದೆ. ಫ್ಲಾಪಿ ಹಿಂದಿರುಗಲಿಲ್ಲ. ಎರಡನೆಯ ವಾರವೂ ಇಲ್ಲ. ಮೂರನೆಯ ವಾರ ಬೆಳಗಿನ ಬಸ್ಸು ಬಂದಾಗ ನಾನು ಡ್ರೈವರ್ ಕಿಟಕಿಯ ಕೆಳಗೇ ನಿಂತಿದ್ದೆ; ಆತ ಎರಡೂ ಕೈ ಬಿಡಿಸಿ ತೋರಿಸಿದ. ಅಂಗಡಿಗೆ ಫೋನ್ ಮಾಡಿದರೆ, ಅವರು ಮನೆಯಲ್ಲಿದ್ದಾರೆ, ಆಮೇಲೆ ಮಾಡಿ ಎಂದರು. ಕೋಣೆಗೆ ಬಂದು, ಇಬ್ಬರ ಅಳತೆಗೆ ಅಕ್ಕಿ ಹಾಕಿ, ಒಬ್ಬಳೇ ಕುಳಿತು ತರ್ಕಿಸಿದೆ. ವಿನ್ಯಾಸಕ ಆಟವನ್ನು ಬಿಟ್ಟ. ಆದ್ದರಿಂದ ನಾಗವೇಣಿ ಆಟವನ್ನು ಬಿಟ್ಟಳು. ವಿನ್ಯಾಸಕ ಮರಳಿದರೆ ಫ್ಲಾಪಿ ಮರಳುತ್ತದೆ. ಎಂ.ಎ.ಯಲ್ಲಿ ನನಗೆ ಮೊದಲ ದರ್ಜೆ ಬಂದಿತ್ತು!

ಮೊದಲು ಕಂಪನಿಗೇ ಇ-ಮೇಲ್ ಕಳಿಸಿದೆ. ಮೂರೇ ದಿನದಲ್ಲಿ ಉತ್ತರ ಬಂತು. ನಿಮ್ಮ ಭಾವನೆಗಳಿಗೆ ನಾವು ಋಣಿ, ದೂರನ್ನು ದಾಖಲಿಸಿಕೊಳ್ಳಲು ನಿಮ್ಮ ಸಿ.ಡಿ.ಯ ನೋಂದಣಿ ಸಂಖ್ಯೆಯನ್ನು ತಿಳಿಸಿ ಎಂದು ಕೇಳಿದ್ದರು. ಹೆಮ್ಮೆಯಿಂದ ಸಿ.ಡಿ.ಯನ್ನು ಹೊರತೆಗೆದೆ. ಅದರ ಮೇಲೆ ತಿಪ್ಪೇಸ್ವಾಮಿಯ ಕೈಬರಹದಲ್ಲಿ, ಕಪ್ಪು ಮಾರ್ಕರ್ ಪೆನ್ನಿನಲ್ಲಿ, 'ಜಂಕ್ಷನ್ 3 ಮತ್ತು ಭಕ್ತಿಗೀತೆಗಳು' ಎಂದಿತ್ತು.

"ನಂಬರ್ ಕೇಳಿದ್ರೆ ಸುಮ್ನಿದ್ದುಬಿಡ್ರಿ ಮೇಡಂ," ಎಂದ ತಿಪ್ಪೇಸ್ವಾಮಿ ತಣ್ಣಗೆ. "ಕೊಟ್ರೆ ನಾನೂ ನೀವೂ ಜೋಡೀಲೆ ಒಳಗೆ ಹೋಗ್ತೀವಿ."

ನಿಷ್ಠಾವಂತ ಅಭಿಮಾನಿಯ ಹಕ್ಕು ಹೀಗೆ ಕುಸಿದ ಮೇಲೆ ಉಳಿದದ್ದು ಜನಶಕ್ತಿ. ನಮ್ಮ ಸೀಮೆಯಲ್ಲಿ ಒಂದು ಪದ್ಧತಿಯಿದೆ. ಒಳ್ಳೆಯ ಮೇಷ್ಟ್ರು, ಒಳ್ಳೆಯ ಡಾಕ್ಟರು, ಯಾರಿಗೇ ವರ್ಗಾವಣೆಯಾಗಲಿ, ಊರಿನವರು ಸಹಿ ಸಂಗ್ರಹಿಸಿ, ಕಚೇರಿಯ ಮುಂದೆ ಕುಳಿತು, ಅದನ್ನು ರದ್ದುಮಾಡಿಸುತ್ತಾರೆ. ಅದೇ ಒಕ್ಕಣೆಯಲ್ಲಿ ನಾನು ಮನವಿಯನ್ನು ಸಿದ್ಧಪಡಿಸಿದೆ: ಸದರಿಯವರನ್ನು ಅದೇ ಹುದ್ದೆಯಲ್ಲಿ ಮುಂದುವರಿಸಬೇಕು. ನಮ್ಮ ವಿದ್ಯಾರ್ಥಿಗಳಿಗೆ ಕ್ರಿಕೆಟ್ಟಿನಾಚೆಗೆ ಬೇರೆ ಆಟವೇ ಗೊತ್ತಿರಲಿಲ್ಲ. ಆದ್ದರಿಂದ ಭಾನುವಾರ, ನಿಜವಾದ ರೈಲು ಜಂಕ್ಷನ್ ಇರುವ ಚಿಕ್ಕಜಾಜೂರಿಗೆ ಹೋದೆ. ರೈಲುಗಳ ನಡುವೆ ಬದುಕುವವರಿಗೆ ಈ ನೋವು ತಟ್ಟೀತೆಂದು ನನ್ನ ಲೆಕ್ಕ.

ಸ್ಟೇಷನ್ ಎದುರು ಟೀ ಅಂಗಡಿ ಇಟ್ಟಿದ್ದ ಓಬಳಪ್ಪನವರು ನಿವೃತ್ತ ಪಾಯಿಂಟ್ಸ್‌ಮನ್, ರೈಲ್ವೆಯಲ್ಲಿ ಹಳಿ ಬದಲಿಸುತ್ತಿದ್ದವರು. ನಾನು ಪ್ರಸ್ತಾವನೆಯನ್ನು ಆರಂಭಿಸುವ ಮೊದಲೇ ಕೈ ಎತ್ತಿ ತಡೆದು ಎರಡು ಪ್ರಶ್ನೆ ಕೇಳಿದರು.

"ಒಳ್ಳೇರೇನ್ರಿ?"

ತುಂಬ ಒಳ್ಳೆಯವರು ಎಂದೆ.

"ಹೋಗ್ತಾ ಅದಾರಾ?"

ಹೌದು ಎಂದೆ.

"ಕೊಡ್ರಿ ಇಲ್ಲಿ," ಎಂದು ಸಹಿ ಹಾಕಿ, ಹಾಳೆಯನ್ನು ಅವರೇ ಬೆಂಚಿನಿಂದ ಬೆಂಚಿಗೆ ದಾಟಿಸಿದರು. ಮದಕರಿಪುರದ ಕಡೆಯಿಂದ ಬಂದು ರೈಲಿಗೆ ಕಾಯುತ್ತಿದ್ದ ಕುರಿಗಾಹಿ ದಂಪತಿಗಳೂ ಹೆಬ್ಬೆಟ್ಟು ಒತ್ತಿದರು. ಸಹಿ ಹಾಕಿದವರಲ್ಲಿ ಒಬ್ಬರು ಹೊರಟವರನ್ನು ಡಾಕ್ಟರೆಂದು ತಿಳಿದಂತಿತ್ತು, ಇನ್ನೊಬ್ಬರು ಬ್ಯಾಂಕಿನ ಮ್ಯಾನೇಜರೆಂದು. ಒಳ್ಳೆಯವರನ್ನೇ ಆರಿಸಿ ಎತ್ತಂಗಡಿ ಮಾಡುತ್ತಾರೆಂದು ಎಲ್ಲರೂ ಹಲುಬಿದರು. ನಾನು ಯಾರನ್ನೂ ತಿದ್ದಲಿಲ್ಲ. ನನ್ನ ದುಃಖದಲ್ಲಿ ಅಷ್ಟು ಜನ ಒಟ್ಟಿಗೆ ಪಾಲ್ಗೊಂಡದ್ದು ಅದೇ ಮೊದಲು. ತಿದ್ದಲು ಮನಸ್ಸಾಗಲಿಲ್ಲ. ಒಟ್ಟು ನಲವತ್ತೊಂದು ಸಹಿ.

ಅದನ್ನು ಸ್ಕ್ಯಾನ್ ಮಾಡಿ ಪರದೇಶಕ್ಕೆ ಕಳಿಸುವುದು ನನ್ನ ಯೋಜನೆಯಾಗಿತ್ತು. ಜನಶಕ್ತಿಗೆ ಅದರದೇ ಯೋಜನೆಯಿರುತ್ತದೆ! ಮರುದಿನ ನಾನು ಪ್ರಜಾಪ್ರಭುತ್ವದ ಪಾಠ ಮಾಡುತ್ತಿದ್ದಾಗ ಕಾಲೇಜಿನ ಗೇಟಿಗೆ ಒಂದು ಟೆಂಪೋ ಬಂದು ನಿಂತಿತು. ಓಬಳಪ್ಪನವರು ಮುಂದಿದ್ದರು, ಹಿಂದೆ ಇಪ್ಪತ್ತಕ್ಕೂ ಹೆಚ್ಚು ಮಂದಿ. ಉಳಿಸಿಕೊಂಡ ಮೇಲೆ ಸಾಹೇಬರಿಗೆ ಹಾಕಲೆಂದು ಒಂದು ಹಾರವನ್ನೂ ತಂದಿದ್ದರು. ನನ್ನನ್ನು ಸಾಲಿನ ಮುಂದೆ ನಿಲ್ಲಿಸಿ ಸರ್ಕಾರಿ ಕಚೇರಿಗೆ ಮೆರವಣಿಗೆಯಲ್ಲಿ ಕರೆದೊಯ್ದರು.

ಅಲ್ಲಿನ ಗುಮಾಸ್ತರು ಸಮಾಧಾನದ ಮನುಷ್ಯ. ಮನವಿಯನ್ನು ಪೂರ್ತಿಯಾಗಿ ಓದಿದ ಮೊದಲಿಗರು ಅವರೇ. ಇವರು ಯಾವ ಇಲಾಖೆ ಎಂದು ಕೇಳಿದರು. ಇಲಾಖೆಯಲ್ಲ, ಕಂಪ್ಯೂಟರ್ ಆಟ ಮಾಡುವವರು ಎಂದೆ. ಈಗ ಎಲ್ಲಿದ್ದಾರೆ ಎಂದರು. ಪರದೇಶದಲ್ಲಿ ಎಂದೆ. ನಮ್ಮ ತಾಲ್ಲೂಕಿಗೆ ಯಾವಾಗ ಬಂದಿದ್ದರು ಎಂದರು. ಬಂದಿಲ್ಲ ಎಂದೆ. ಹಾರ ಹಿಡಿದಿದ್ದವರು ಅದನ್ನು ನಿಧಾನವಾಗಿ ಬೆನ್ನ ಹಿಂದೆ ಸರಿಸಿದರು.

"ಈ ನಲವತ್ತೊಂದು ಜನದಾಗೆ," ಎಂದರು ಗುಮಾಸ್ತರು ಕನ್ನಡಕವನ್ನು ತೆಗೆದು, "ಅವ್ರನ್ನ ಬಲ್ಲೋರು ಒಬ್ರಾದ್ರೂ ಅದಾರೇನಮ್ಮ?"

ಇರಲಿಲ್ಲ. ಓಬಳಪ್ಪನವರು ನನ್ನ ಮುಖವನ್ನು ನೋಡಿದರು. ಬೈದಿದ್ದರೆ ಹಗುರಾಗುತ್ತಿತ್ತು. "ಬಲ್ಲೋರ್ದು ಒಂದು ಸಹಿ ಹಾಕಿಸ್ಕಂಡು ಬರ್ರಿ ಮೇಡಂ. ಮತ್ತೆ ಹೋಗಾಣ," ಎಂದರು. ಬಂದದ್ದು ದಂಡವಾಗಬಾರದೆಂದು ತಮ್ಮೂರಿನ ಚರಂಡಿಯ ಬಗ್ಗೆ ಅಲ್ಲೇ ಒಂದು ಅರ್ಜಿಯನ್ನು ನನ್ನಿಂದ ಬರೆಸಿ ಕೊಟ್ಟರು. ಆ ಚರಂಡಿ ದುರಸ್ತಿಯಾಯಿತು. ನನ್ನ ಹೋರಾಟದಿಂದ ಆದ ಕೆಲಸ ಅದೊಂದೇ.

ಬಲ್ಲವಳು ಇಡೀ ಜಿಲ್ಲೆಯಲ್ಲಿ ಒಬ್ಬಳೇ. ಮುಂದಿನ ಭಾನುವಾರ ಹೊಸದುರ್ಗಕ್ಕೆ ಹೋದೆ. ನಾಗವೇಣಿ ಬಾಗಿಲಿಗೇ ಓಡಿಬಂದು ಕೈಹಿಡಿದು ಒಳಗೆ ಕರೆದೊಯ್ದಳು, ಮಂಡಕ್ಕಿ ಮೆಣಸಿನಕಾಯಿ ಕೊಟ್ಟಳು, ಟೆಂಪೋದ ಕಥೆ ಕೇಳಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಸಹಿಯ ಹಾಳೆಯನ್ನು ಮುಂದಿಟ್ಟಾಗ ನಗು ನಿಂತಿತು.

"ನಾನು ಆ ಆಟ ಬಿಟ್ಟು ಆರು ತಿಂಗಳಾತು ಕಣೆ."

ಹಾಗಾದರೆ ಫ್ಲಾಪಿ ಬರುತ್ತಿತ್ತಲ್ಲ ಎಂದೆ.

"ಅದು ಮಾವ."

ಒಳಗಿನ ಕೋಣೆಯಿಂದ ಅವಳ ಮಾವ ಹನುಮಂತಪ್ಪನವರು ಬಂದರು. ಬಸ್ ನಿಲ್ದಾಣದ ನಿವೃತ್ತ ಕಂಟ್ರೋಲರ್. ಮೂವತ್ತು ವರ್ಷ ಬಸ್ಸುಗಳನ್ನು ಹೊತ್ತಿಗೆ ಸರಿಯಾಗಿ ಬಿಟ್ಟು, ನಿವೃತ್ತಿಯಾದ ಮೇಲೆ ಬಿಡಲು ಏನೂ ಇಲ್ಲದೆ ಅಂಗಡಿಯಲ್ಲಿ ಕೂತಿದ್ದವರ ಕೈಗೆ ಸೊಸೆ ನನ್ನ ಫ್ಲಾಪಿಯನ್ನು ಕೊಟ್ಟಿದ್ದಳು. ಅವರು ನನ್ನೆದುರು ಕುಳಿತು, ಸಹೋದ್ಯೋಗಿಯೊಂದಿಗೆ ಮಾತಾಡುವಂತೆ ಮಾತಾಡಿದರು.

"ನಿಮ್ಮ ಕಾಗದ ಓದಿದೆ. ಆ ಮನುಷ್ಯನೇ ಬಿಟ್ಟ ಮ್ಯಾಲೆ ನಾವು ಇದ್ದು ಏನ್ ಮಾಡಾದು? ನಾನೂ ಅವತ್ತೇ ನಿಲ್ಸಿದೆ. ಬೆಂಚ್ ಕಿತ್ತಾಕ್ತಾರಂತಲ್ರಿ. ಜನ ಎಲ್ಲಿ ಕುಂತ್ಕಬೇಕು?" ಆಮೇಲೆ ಸೇರಿಸಿದರು, "ವೇಗದ ನಾಗರಿಕತೆ ಅಂತ ಬರ್ದಿದ್ರಲ್ಲ, ಭಾಳ ಚೆಂದಿತ್ತು. ಆದ್ರೆ ಇಪ್ಪತ್ತು ನಿಮಿಷ ನಿಲ್ಸಿದ್ದು ಡ್ರೈವರ್ ಊಟಕ್ಕೆ."

ಫ್ಲಾಪಿಯನ್ನು ನಿಲ್ಲಿಸಿದ್ದು ನನ್ನದೇ ಕಾಗದ! ಹನುಮಂತಪ್ಪನವರು ಮನವಿಯನ್ನು ಎರಡು ಸಲ ಓದಿ, ಒಂದು ಅಲ್ಪವಿರಾಮವನ್ನು ತಿದ್ದಿ, ನಲವತ್ತೆರಡನೆಯ ಸಹಿ ಹಾಕಿದರು.

ಬಸ್ಸಿಗೆ ಹತ್ತಿಸಲು ಬಂದಾಗ, ಮೊದಲೇ ಏಕೆ ಹೇಳಲಿಲ್ಲ ಎಂದು ನಾಗವೇಣಿಯನ್ನು ಕೇಳಿದೆ. ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ನಿಂತಳು.

"ಅಷ್ಟುದ್ದ ಬರೀತಿದ್ದೆ ನೀನು. ಬ್ಯಾಡ ಅನ್ನಾಕೆ ಬಾಯಿ ಬರ್ಲಿಲ್ಲ. ನಿಜ ಹೇಳ್ತೀನಿ, ನಂಗೆ ಅದು ಮೊದ್ಲಿಂದ್ಲೂ ಅಷ್ಟಕ್ಕಷ್ಟೇ. ನೀನು ಒಬ್ಳೇ ಹೋಗಿ ಕುಂತಿರ್ತೀಯಲ್ಲ ಅಂತ ಬರ್ತಿದ್ದೆ."

ಹೊಸದುರ್ಗದಿಂದ ಹೊಳಲ್ಕೆರೆಯವರೆಗೆ ನನ್ನ ಪಕ್ಕದ ಸೀಟು ಖಾಲಿಯಿತ್ತು. ಆರೋಪಪಟ್ಟಿಯನ್ನು ಮೊದಲಿನಿಂದ ಪರಿಶೀಲಿಸಲು ಬೇಕಾದಷ್ಟು ಸಮಯವೂ ಇತ್ತು. ವಿನ್ಯಾಸಕ ಹೊರಡುವಾಗ ಎರಡು ಸಾಲನ್ನಾದರೂ ಬರೆಸಿದ್ದ. ನಾಗವೇಣಿ ಹೊರಟದ್ದು ನನಗೆ ಆರು ತಿಂಗಳು ಗೊತ್ತಾಗಲೇ ಇಲ್ಲ. ಗೊತ್ತಾಗದಿದ್ದುದಕ್ಕೆ ಅವಳೊಬ್ಬಳೇ ಹೊಣೆಯೆ? ನಾಲ್ಕು ಪುಟ ಬರೆದವಳು ಎಲ್ಲಾದರೂ ಒಂದು ಕಡೆ, ಹೇಗಿದ್ದೀಯೆ ಎಂದು ಕೇಳಿದ್ದಳೆ? ಕೇಳಿರಲಿಲ್ಲ. ಮೂರನೇ ಪ್ಲಾಟ್‌ಫಾರಂ ವಿಚಾರವಿತ್ತು.

ವಿನ್ಯಾಸಕನ ಮೇಲಿನ ಆರೋಪವನ್ನು ಹಿಂತೆಗೆದುಕೊಳ್ಳುವುದಿಲ್ಲ, ಹನುಮಂತಪ್ಪನವರು ಒಪ್ಪುವುದಿಲ್ಲ. ಅದು ಹಾಗಿರಲಿ. ಪ್ರಸ್ತುತ ಮನವಿ ಹೊಸದುರ್ಗದ ಶ್ರೀಮತಿ ನಾಗವೇಣಿಯವರಿಗೆ. ತಾವು ಆಟವನ್ನು ಮುಂದುವರಿಸಬೇಕೆಂದು ಒತ್ತಾಯಿಸುವುದಿಲ್ಲ. ಆ ಎರಡು ವರ್ಷಗಳಲ್ಲಿ ಒಂದು ಸಂಜೆಯಾದರೂ ತಮಗೂ ಇಷ್ಟವಾಗಿತ್ತೆ ಎಂಬ ಬಗ್ಗೆ ಲಿಖಿತ ಉತ್ತರವನ್ನು ನೀಡಬೇಕು. ಉತ್ತರ ಏನೇ ಇರಲಿ, ಒಂದು ಭಾನುವಾರ ಹೊಳಲ್ಕೆರೆಗೆ ಖುದ್ದು ಬಂದು ಕೋಣೆಯಲ್ಲಿ ಊಟ ಮಾಡಿ ಹೋಗುವ ಬಗ್ಗೆ ಸೂಕ್ತ ಕ್ರಮ ಕೈಗೊಳ್ಳಬೇಕು. ಅಕ್ಕಿಯ ಅಳತೆಯನ್ನು ಅರ್ಜಿದಾರಳು ಇನ್ನೂ ಬದಲಿಸಿಲ್ಲ ಎಂಬುದನ್ನು ತಮ್ಮ ಅವಗಾಹನೆಗೆ ತರಲಾಗಿದೆ.

ಈ ಮನವಿಗೆ ಸಹಿ ಸಂಗ್ರಹಿಸಲು ನಾನು ಎಲ್ಲಿಗೂ ಹೋಗಿಲ್ಲ. ಇರುವುದು ಒಂದೇ, ಅದು ನನ್ನದು.